ದನಗಳ ನೀರಿನ ತೊಟ್ಟಿಯೂ ಅದರ ಕೊಳವೆಗಳ ರಕ್ಷಣೆಯೂ

ಬಾವಿಯಿಂದ ಏತದಲ್ಲಿಯೋ ಕಪಿಲೆಯಲ್ಲಿಯೋ ನೀರೆತ್ತಿ ಕಲ್ಲುಬಾನಿಗೆ ತುಂಬುತ್ತಿದ್ದ ಕಾಲದಲ್ಲಿ, ದನಗಳು ಕೆಡಿಸಬಹುದಾದ ವಸ್ತು ಆ ಬಾನಿಯ ಬಳಿ ಯಾವುದೂ ಇರಲಿಲ್ಲ. ಎತ್ತು ಮೈಯುಜ್ಜಿದರೂ ಕೋಣ ಕೊಂಬು ತಿಕ್ಕಿದರೂ ಕಲ್ಲಿಗೆ ಬಾಧೆ ತಟ್ಟುತ್ತಿರಲಿಲ್ಲ. ಈಗ ಬಹುತೇಕ ಗ್ರಾಮಗಳಲ್ಲಿ ಕೊಳವೆ ಬಾವಿಯ ನೀರು ಪಂಪಿನಿಂದ ಮೇಲೇರಿ, ಕೊಳವೆಗಳ ಮೂಲಕ ಸಿಮೆಂಟಿನ ತೊಟ್ಟಿಗೆ ಬಂದು ಬೀಳುವುದು. ತೊಟ್ಟಿಯೇನೋ ಗಟ್ಟಿಯಾಗಿರುವುದು, ಆದರೆ ಅದಕ್ಕೆ ನೀರನ್ನು ತರುವ ಕೊಳವೆ, ನಲ್ಲಿ, ತೇಲುಗುಂಡು ಮೊದಲಾದುವು ಸುಲಭವಾಗಿ ಮುರಿಯತಕ್ಕವು. ಇವು ಮುರಿದಾಗ ದನಗಳನ್ನು ದೂರುವುದರಿಂದ ಪ್ರಯೋಜನವಿಲ್ಲ. ಅವುಗಳ ಸ್ವಭಾವವನ್ನು ಅರಿತು, ಕೊಳವೆಗಳನ್ನು ಅವುಗಳಿಗೆ ಎಟುಕದಂತೆ ಅಳವಡಿಸುವುದೇ ಸರಿಯಾದ ಉಪಾಯವು.

ಹಾನಿಯಿಂದ ಆಗುವ ನಷ್ಟ:— ದೊಡ್ಡ ದನವೊಂದಕ್ಕೆ ದಿನಕ್ಕೆ ಸುಮಾರು ೪೦ ಲೀಟರು ನೀರು ಬೇಕಾಗುವುದು. ಬೇಸಗೆಯಲ್ಲಿಯೂ, ಹಾಲು ಕರೆಯುವ ಹಸುವಿಗೂ ಇನ್ನೂ ಹೆಚ್ಚು ಬೇಕು. ಬಿರುಕುಬಿಟ್ಟ ಕೊಳವೆಯೊಂದರಿಂದ ನಿಮಿಷಕ್ಕೆ ಒಂದು ಲೀಟರು ಮಾತ್ರ ಸೋರುವುದೆಂದು ಇಟ್ಟುಕೊಂಡರೂ, ಹಗಲಿರುಳೂ ನೀರಿರುವ ಕೊಳವೆಯಾದರೆ ಒಂದು ದಿನದಲ್ಲಿ ೧,೪೪೦ ಲೀಟರು ಮಣ್ಣುಪಾಲಾಗುವುದು. ಇದು ೩೬ ದನಗಳು ಕುಡಿಯುವ ನೀರು. ಇಷ್ಟಕ್ಕೇ ನಷ್ಟವು ಮುಗಿಯುವುದಿಲ್ಲ. ಸೋರಿದ ನೀರು ತೊಟ್ಟಿಯ ಸುತ್ತಲೂ ಕೆಸರಾಗುವುದು. ಕೆಸರಿನಲ್ಲಿ ಸದಾ ನೆನೆಯುವ ಗೊರಸು ಮೆತ್ತಗಾಗಿ ಅದರ ನಡುವೆ ಹುಣ್ಣೇಳುವುದು. ನಿಂತ ನೀರಿನಲ್ಲಿ ಸೊಳ್ಳೆಗಳು ಹೆಚ್ಚುವುವು. ದನಗಳ ಪಿತ್ತಜನಕಾಂಗವನ್ನು ಸೇರುವ ಚಪ್ಪಟೆ ಹುಳುವಿಗೆ ಆಶ್ರಯ ಕೊಡುವ ಬಸವನಹುಳುಗಳೂ ಇಂತಹ ಒದ್ದೆ ನೆಲದಲ್ಲಿಯೇ ಬೆಳೆಯುವುವು.

ಹಾನಿಗೆ ಕಾರಣ:— ದನಗಳು ಕೊಳವೆಯನ್ನು ಮುರಿಯುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳುಂಟು. ಮೊದಲನೆಯದು ತುರಿಕೆ. ಉಣ್ಣೆ, ಹೇನು, ನೊಣಗಳ ಕಾಟದಿಂದ ಬೇಸತ್ತ ದನವು ನೆಟ್ಟಗೆ ನಿಂತ ಯಾವ ವಸ್ತುವನ್ನು ಕಂಡರೂ ಅದಕ್ಕೆ ಕುತ್ತಿಗೆಯನ್ನೂ ಪಕ್ಕೆಯನ್ನೂ ಉಜ್ಜುವುದು. ಎರಡನೆಯದು ಕೊಂಬು. ಹಳ್ಳಿಕಾರ್, ಅಮೃತಮಹಲ್ ತಳಿಗಳಂತಹ ನೀಳವಾದ ಕೊಂಬಿನ ದನಗಳು ನೀರು ಕುಡಿದು ತಲೆಯೆತ್ತುವಾಗ, ತೊಟ್ಟಿಯ ಮೇಲೆ ಅಡ್ಡಲಾಗಿ ಬಂದಿರುವ ಕೊಳವೆಗೆ ಕೊಂಬು ಸಿಕ್ಕಿಕೊಳ್ಳುವುದು. ಮೂರನೆಯದು ಬಾಯಾರಿಕೆ. ಮೇವಿನಿಂದ ಸಂಜೆ ಒಟ್ಟಾಗಿ ಮರಳಿದ ಹಿಂಡು ತೊಟ್ಟಿಯಲ್ಲಿ ನೀರು ಕಡಮೆಯಿರುವುದನ್ನು ಕಂಡರೆ ನೀರು ಬೀಳುವ ನಲ್ಲಿಯ ಬಳಿಗೇ ನುಗ್ಗುವುದು. ಬಲವಾದ ದನವು ಸಾಧುವಾದುದನ್ನು ನೂಕುವುದು. ಆ ನೂಕಾಟದ ಭಾರವೆಲ್ಲಾ ನಲ್ಲಿಯ ಮೇಲೆ ಬೀಳುವುದು.

ಇಲ್ಲಿ ಒಂದು ವಿಷಯವನ್ನು ಗಮನಿಸತಕ್ಕುದು. ನೆಲದಿಂದ ಮೂರಡಿ ಎದ್ದು ನಿಂತ ಕೊಳವೆಯು ಹಾರೆಕೋಲಿನಂತೆ ವರ್ತಿಸುವುದು. ತುದಿಯನ್ನು ದನವು ಅಲ್ಪವಾಗಿ ಒತ್ತಿದರೂ ಬುಡದ ಕೀಲಿನ ಮೇಲೆ ಅದರ ಹಲವು ಪಾಲು ಬಲ ಬೀಳುವುದು. ಆದುದರಿಂದಲೇ ಕೊಳವೆಯು ನಡುವೆ ಮುರಿಯದೆ, ತಿರುಪು ಕೊರೆದು ತೆಳುವಾಗಿರುವ ಕೀಲಿನಲ್ಲಿ ಮುರಿಯುವುದು. ಪಿ.ವಿ.ಸಿ. ಕೊಳವೆಯಾದರೆ ಬಿಸಿಲಿಗೆ ಒಡ್ಡಿಕೊಂಡು ವರ್ಷಕಳೆದಂತೆ ಪೆಡಸಾಗಿ, ಇನ್ನೂ ಸುಲಭವಾಗಿ ಒಡೆಯುವುದು.

ಕೊಳವೆಯ ಮಾರ್ಗ:— ನೀರು ತರುವ ಕೊಳವೆಯನ್ನು ತೊಟ್ಟಿಯವರೆಗೂ ನೆಲದೊಳಗೆ ಎರಡಡಿ ಆಳದಲ್ಲಿ ಹೂಳತಕ್ಕುದು. ಗೊರಸಿನ ತುಳಿತದಿಂದ ತೊಟ್ಟಿಯ ಬಳಿಯ ಮಣ್ಣು ವರ್ಷವರ್ಷವೂ ಸವೆಯುವುದರಿಂದ, ಅರ್ಧ ಅಡಿ ಆಳದಲ್ಲಿ ಹೂಳಿದ ಕೊಳವೆಯು ಬೇಗನೆ ಹೊರಗೆ ಕಾಣಿಸಿಕೊಳ್ಳುವುದು. ಕೊಳವೆಯು ನೆಲದಿಂದ ಮೇಲೇಳುವ ಸ್ಥಳವು ದನಗಳು ನಿಲ್ಲದ ಕಡೆಯಲ್ಲಿರಬೇಕು. ಆ ಭಾಗಕ್ಕೆ ಸತುವಿನ ಲೇಪವುಳ್ಳ ಕಬ್ಬಿಣದ ಕೊಳವೆಯನ್ನು ಉಪಯೋಗಿಸಿ, ಸುತ್ತಲೂ ಗಾರೆಕಲ್ಲು ಕಟ್ಟಿ ತೊಟ್ಟಿಯ ಗೋಡೆಗೆ ಸೇರಿಸಿಬಿಟ್ಟರೆ ದನಕ್ಕೆ ಉಜ್ಜಲು ಕೊಳವೆಯೇ ಸಿಕ್ಕುವುದಿಲ್ಲ.

ತೇಲುಗುಂಡಿನ ಗೂಡು:— ನೀರು ತುಂಬಿದೊಡನೆ ತಾನಾಗಿ ನಿಲ್ಲುವಂತೆ ಮಾಡುವ ತೇಲುಗುಂಡಿನ ವಾಲ್ವು ಬಹಳ ಉಪಯುಕ್ತವಾದುದು. ಆದರೆ ಎಲ್ಲಕ್ಕಿಂತ ಮೊದಲು ಕೆಡುವುದೂ ಅದೇ. ತೊಟ್ಟಿಯ ಒಂದು ತುದಿಯಲ್ಲಿ ಒಂದೂವರೆ ಅಡಿ ಜಾಗವನ್ನು ಬಿಟ್ಟು ಅಡ್ಡಗೋಡೆಯನ್ನು ಹಾಕಿಸಬೇಕು. ಅಡ್ಡಗೋಡೆಯ ಬುಡದಲ್ಲಿ ನಾಲ್ಕು ಅಂಗುಲದ ರಂಧ್ರವನ್ನು ಬಿಟ್ಟರೆ ಎರಡು ಕಡೆಯೂ ನೀರು ಒಂದೇ ಮಟ್ಟದಲ್ಲಿ ನಿಲ್ಲುವುದು. ಈ ಗೂಡಿನೊಳಗೆ ವಾಲ್ವನ್ನು ಇಟ್ಟು, ಮೇಲೆ ಒಬ್ಬರಿಂದ ಜರುಗಿಸಬಹುದಾದ, ಆದರೆ ದನದ ಮೂತಿಯಿಂದ ಏಳದಂತಹ ಕಲ್ಲುಚಪ್ಪಡಿಯನ್ನು ಮುಚ್ಚಬೇಕು.

ಗೂಡಿನ ಗೋಡೆಯನ್ನು ತೊಟ್ಟಿಯ ಅಂಚಿಗಿಂತ ಒಂದಡಿ ಎತ್ತರಿಸಿ, ನೀರು ಬೀಳುವ ಬಾಯಿಯು ತೊಟ್ಟಿಯ ಅಂಚಿಗಿಂತ ಮೂರು ಅಂಗುಲವಾದರೂ ಮೇಲಿರುವಂತೆ ಅಳವಡಿಸುವುದು ಅತ್ಯಾವಶ್ಯಕ. ಏಕೆಂದರೆ ಅನೇಕ ಊರುಗಳಲ್ಲಿ ಜನರು ಕುಡಿಯುವ ನೀರೂ ದನದ ತೊಟ್ಟಿಯ ನೀರೂ ಒಂದೇ ಕೊಳವೆಯಿಂದ ಬರುವುವು. ಪಂಪು ನಿಂತು ಕೊಳವೆ ಬರಿದಾಗುವಾಗ ಅದು ತುದಿಯಲ್ಲಿರುವುದನ್ನು ಹಿಂದಕ್ಕೆ ಹೀರಿಕೊಳ್ಳುವ ಸಂಭವವುಂಟು. ನಲ್ಲಿ ಮುರಿದು ಕೊಳವೆಯ ಬಾಯಿ ತೊಟ್ಟಿಯ ನೀರಿನಲ್ಲಿ ಮುಳುಗಿದ್ದರೆ, ಎಂಜಲೂ ಸಗಣಿಯೂ ಬೆರೆತ ಆ ನೀರು ಮನೆಮನೆಯ ಕೊಡವನ್ನು ಸೇರಬಹುದು. ಆದುದರಿಂದ ಮುರಿದ ನಲ್ಲಿಯು ದನಗಳ ವಿಷಯ ಮಾತ್ರವೆಂದು ಉದಾಸೀನ ಮಾಡಕೂಡದು. ಮಕ್ಕಳ ವಾಂತಿಭೇದಿಗೂ ಅದು ಕಾರಣವಾಗಬಹುದು.

ತೂಬು ಮತ್ತು ಬೀಗ:— ತೊಟ್ಟಿಗೆ ಬರುವ ನೀರನ್ನು ಪ್ರತ್ಯೇಕವಾಗಿ ನಿಲ್ಲಿಸಲು ಗೇಟ್ ವಾಲ್ವೊಂದನ್ನು ತೊಟ್ಟಿಯಿಂದ ಹತ್ತು ಅಡಿ ದೂರದಲ್ಲಿ, ಚಪ್ಪಡಿ ಮುಚ್ಚಿದ ಗುಂಡಿಯಲ್ಲಿ ಇಡತಕ್ಕುದು. ಇದಿಲ್ಲದಿದ್ದರೆ ಒಂದು ನಲ್ಲಿಯನ್ನು ಸರಿಮಾಡಲು ಊರಿನ ನೀರನ್ನೆಲ್ಲಾ ನಿಲ್ಲಿಸಬೇಕಾಗುವುದು. ತೊಟ್ಟಿಯನ್ನು ತೊಳೆಯಲು ಬಿಡುವ ತೂಬಿನ ಕೊಳವೆಯು ಗೋಡೆಯಿಂದ ಹೊರಗೆ ಚಾಚಿರಬಾರದು. ಗೋಡೆಯ ಮಟ್ಟಕ್ಕೇ ನಿಲ್ಲಿಸಿ ಒಳಗಿನಿಂದ ಬಿರಡೆಯನ್ನು ಹಾಕಬೇಕು.

ದನಗಳಿಗೆ ಬೇಕಾದ ಅನುಕೂಲ:— ತಡೆಯುವುದು ಮಾತ್ರ ಸಾಲದು. ದನವು ಬಯಸುವುದನ್ನು ಬೇರೆ ಕಡೆಯಲ್ಲಿ ಒದಗಿಸಬೇಕು. ತೊಟ್ಟಿಯಿಂದ ಇಪ್ಪತ್ತು ಅಡಿ ದೂರದಲ್ಲಿ ಆಳವಾಗಿ ನೆಟ್ಟ ಒರಟು ಕಲ್ಲುಕಂಬವೊಂದಿದ್ದರೆ ಮೈಯುಜ್ಜಲು ದನಗಳು ಅದನ್ನೇ ಆಶ್ರಯಿಸುವುವು. ಉಣ್ಣೆಗೆ ಪಶುವೈದ್ಯರ ಸಲಹೆಯಂತೆ ಔಷಧ ಮಾಡಿಸಿದರೆ ತುರಿಕೆಯೇ ತಗ್ಗುವುದು. ಒಂದೊಂದು ದನಕ್ಕೆ ಎರಡೂವರೆ ಅಡಿ ಜಾಗ ಸಿಕ್ಕುವಷ್ಟು ತೊಟ್ಟಿಯು ಉದ್ದವಾಗಿದ್ದು, ಹಿಂಡು ಬರುವ ಮುನ್ನವೇ ತುಂಬಿದ್ದರೆ ನೂಕಾಟಕ್ಕೆ ಎಡೆಯಿರುವುದಿಲ್ಲ. ತೊಟ್ಟಿಯ ಸುತ್ತ ಆರರಿಂದ ಎಂಟು ಅಡಿ ಅಗಲಕ್ಕೆ, ಹೊರಮುಖವಾಗಿ ಇಳಿಜಾರಿರುವಂತೆ ಕಲ್ಲು ಹಾಸಿಸಬೇಕು. ಹಾಸು ಜಾರುವಂತೆ ನುಣುಪಾಗಿರಬಾರದು.

ಈಗಾಗಲೇ ಇರುವ ತೊಟ್ಟಿಗಳು:— ಇವನ್ನೆಲ್ಲಾ ಒಮ್ಮೆಗೇ ಮಾಡಿಸಲು ಶಕ್ತಿಯಿಲ್ಲದ ಊರಿನವರು, ಮೊದಲು ಹೊರಗೆ ನಿಂತಿರುವ ಕೊಳವೆಯ ಎರಡು ಪಕ್ಕದಲ್ಲಿಯೂ ಕಲ್ಲುಕಂಬಗಳನ್ನು ನೆಟ್ಟು, ನಡುವೆ ಗಾರೆಕಲ್ಲು ತುಂಬಿಸಬಹುದು. ಕಂಬಕ್ಕೂ ಕೊಳವೆಗೂ ನಡುವೆ ದನದ ಮೂತಿ ತೂರುವಷ್ಟು ಸಂದನ್ನು ಬಿಡಬಾರದು. ಮುಳ್ಳುತಂತಿಯನ್ನು ಸುತ್ತುವುದು ತಕ್ಕುದಲ್ಲ. ಅದರಿಂದ ದನಗಳ ಕಣ್ಣಿಗೂ ಕೆಚ್ಚಲಿಗೂ ಗಾಯವಾಗುವುದು.

ಗ್ರಾಮದ ಮುಖಂಡರೂ ಭೂಮಾಲೀಕರೂ ತೊಟ್ಟಿಯ ಮೇಲ್ವಿಚಾರಣೆಯನ್ನು ನೀರುಗಂಟಿಗೋ ನಂಬಿಕೆಯ ಬೇರೊಬ್ಬರಿಗೋ ಹೆಸರು ಹೇಳಿ ಒಪ್ಪಿಸತಕ್ಕುದು. ಎಲ್ಲರದೂ ಎಂದು ಬಿಟ್ಟ ತೊಟ್ಟಿಯನ್ನು ಯಾರೂ ನೋಡರು. ಹದಿನೈದು ದಿನಕ್ಕೊಮ್ಮೆ ನೀರು ಬಿಟ್ಟು, ಉಜ್ಜಿ ತೊಳೆದು, ಒಳಗೆ ಸುಣ್ಣ ಬಳಿಸುವ ದಿನವೇ ಗೂಡಿನ ಚಪ್ಪಡಿಯನ್ನು ಜರುಗಿಸಿ ವಾಲ್ವನ್ನೂ ಕೀಲುಗಳನ್ನೂ ಪರೀಕ್ಷಿಸುವ ವಾಡಿಕೆಯಿಟ್ಟುಕೊಂಡರೆ, ಅಲ್ಪ ದೋಷವು ಅಲ್ಪ ವೆಚ್ಚದಲ್ಲಿಯೇ ಸರಿಹೋಗುವುದು. ಈ ಕೆಲಸವನ್ನು ಮಳೆಗಾಲ ಮುಗಿದೊಡನೆ ಕೈಕೊಂಡರೆ, ಕೆರೆಕಟ್ಟೆಗಳು ಒಣಗಿ ಊರಿನ ದನಗಳೆಲ್ಲವೂ ಈ ಒಂದು ತೊಟ್ಟಿಯನ್ನೇ ನಂಬಿ ಬರುವ ಬೇಸಗೆಯ ವೇಳೆಗೆ ಅದು ಸಿದ್ಧವಾಗಿರುವುದು.