ಗುಳಿಗೆ ಅವಳಿಗೇ ಯಾಕೆ?

ಊರಿಗೆ ಫೋನ್ ಮಾಡಿದಾಗಲೆಲ್ಲ ಕೊನೆಗೆ ಬರೋ ಪ್ರಶ್ನೆ ಒಂದೇ. "ಮತ್ತೆ... ಏನಾದ್ರೂ ವಿಶೇಷ?" ಮದುವೆಯಾಗಿ ಎರಡು ವರ್ಷ ಆದವರಿಗೆ ಈ 'ವಿಶೇಷ'ದ ಅರ್ಥ ಬಿಡಿಸಿ ಹೇಳಬೇಕಿಲ್ಲ. ಸದ್ಯಕ್ಕೆ ವಿಶೇಷ ಇಲ್ಲ, ಯಾಕಂದ್ರೆ ನನ್ನ ಹೆಂಡತಿ ದಿನಾ ರಾತ್ರಿ ಒಂದು ಗುಳಿಗೆ ನುಂಗ್ತಾಳೆ. ಶುರುವಿನ ತಲೆನೋವು, ವಾಕರಿಕೆ ಎಲ್ಲಾ ಅವಳ ಪಾಲಿಗೆ. ನನ್ನ ಪಾಲಿಗೆ ಬಂದದ್ದು ಫಾರ್ಮಸಿಯಿಂದ ಪ್ಯಾಕೆಟ್ ತರೋ ಕೆಲಸ ಮಾತ್ರ. ಗಂಡಸರಿಗೆ ಯಾಕೆ ಇಂಥದ್ದಿಲ್ಲ ಅಂತ ಅವಳು ಕೇಳಿದ್ದಕ್ಕೆ ಒಂದಿಷ್ಟು ಓದಿದೆ. (ನಾನು ಡಾಕ್ಟರ್ ಅಲ್ಲ, ಕೋಡ್ ಬರೆಯೋನು.)

ಎವರೆಟ್‌ನ ಚಳಿಯಲ್ಲಿ ಇರೋರಿಗೆ ಥರ್ಮೋಸ್ಟಾಟ್ ಗೊತ್ತೇ ಇರುತ್ತೆ. ಮನೆ ಬೆಚ್ಚಗಾದ್ರೆ ಹೀಟರ್ ಆಫ್, ತಣ್ಣಗಾದ್ರೆ ಆನ್. ದೇಹದಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಮಿದುಳಿನ ಹೈಪೊಥಲಾಮಸ್ ಗಂಟೆ, ಎರಡು ಗಂಟೆಗೊಮ್ಮೆ ಜಿಎನ್‌ಆರ್‌ಎಚ್ ಅನ್ನೋ ಹಾರ್ಮೋನನ್ನು ಚೂರು ಚೂರೇ ಬಿಡುತ್ತೆ. ಅದು ತಲುಪಿದಾಗ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡನ್ನು ರಕ್ತಕ್ಕೆ ಕಳಿಸುತ್ತೆ. ಹೆಣ್ಣಲ್ಲಿ ಇವು ಅಂಡಾಶಯಕ್ಕೆ, ಗಂಡಲ್ಲಿ ವೃಷಣಕ್ಕೆ. ಹಾರ್ಮೋನು ಎರಡು ಕಡೆಯೂ ಅದೇ! ಅಲ್ಲಿ ತಯಾರಾದ ಈಸ್ಟ್ರೋಜನ್, ಪ್ರೊಜೆಸ್ಟರಾನ್, ಟೆಸ್ಟೋಸ್ಟೆರಾನ್ ವಾಪಸ್ ಮಿದುಳಿಗೆ ಹೋಗಿ "ಸಾಕು" ಅನ್ನುತ್ತವೆ.

ಹೆಣ್ಣಿನಲ್ಲಿ ಒಂದು ಮಜಾ ಇದೆ. ತಿಂಗಳ ನಡುವೆ ಈಸ್ಟ್ರೋಜನ್ ಸುಮಾರು ಎರಡು ದಿನ ಏರಿಯೇ ಇದ್ರೆ, ಅದೇ "ಸಾಕು" ಇದ್ದಕ್ಕಿದ್ದಂತೆ "ಇನ್ನೂ ಕೊಡು" ಆಗಿಬಿಡುತ್ತೆ. ಎಲ್‌ಎಚ್ ಉಕ್ಕುತ್ತೆ, ಒಂದೂವರೆ ದಿನದಲ್ಲಿ ಅಂಡ ಹೊರಬರುತ್ತೆ. ಮೈನಸ್ ಇದ್ದದ್ದು ಪ್ಲಸ್ ಆಗೋದು ನನ್ನ ಕೋಡ್‌ನಲ್ಲಾದ್ರೆ ಬಗ್, ಇಲ್ಲಿ ಸೃಷ್ಟಿಯೇ ಅದರಿಂದ. 1960ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ಗುಳಿಗೆ ಮಾಡೋದು ಇಷ್ಟೇ: ಹೊರಗಿನಿಂದ ಹಾರ್ಮೋನು ಕೊಟ್ಟು ಮಿದುಳಿಗೆ "ಸಾಕು" ಅನ್ನಿಸೋದು. ಆ ಉಕ್ಕು ಬರೋದೇ ಇಲ್ಲ.

ಗಂಡಸಿನಲ್ಲಿ ತಡೆಯಬೇಕಾದ್ದು ತಿಂಗಳಿಗೆ ಒಂದು ಅಂಡ ಅಲ್ಲ, ಸೆಕೆಂಡಿಗೆ ಸಾವಿರದಷ್ಟು ವೀರ್ಯಾಣು. ಒಂದೊಂದು ತಯಾರಾಗೋಕೆ ಎರಡು ತಿಂಗಳಿಗೂ ಹೆಚ್ಚು. ಆದರೂ ಅದೇ ಮೋಸ ಇಲ್ಲೂ ನಡೆಯುತ್ತೆ. ಟೆಸ್ಟೋಸ್ಟೆರಾನ್ ಹೊರಗಿನಿಂದ ಕೊಟ್ರೆ ಪಿಟ್ಯುಟರಿ ಸುಮ್ಮನಾಗುತ್ತೆ, ವೃಷಣ ಕೆಲಸ ನಿಲ್ಲಿಸುತ್ತೆ. ಗಂಡಸುತನ ಹೆಚ್ಚಲಿ ಅಂತ ಜಿಮ್‌ನಲ್ಲಿ ಇಂಜೆಕ್ಷನ್ ತಗೊಳ್ಳೋ ಹುಡುಗರಿಗೆ ಇದನ್ನು ಯಾರಾದ್ರೂ ಹೇಳಬೇಕು.

ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಐಐಎಸ್‌ಸಿ) ಪ್ರೊ. ಎನ್. ಆರ್. ಮೌದ್ಗಲ್ ಹಿಡಿದದ್ದು ಬೇರೆ ದಾರಿ. ಟೆಸ್ಟೋಸ್ಟೆರಾನ್ ಮಾಡಿಸೋದು ಎಲ್‌ಎಚ್. ಅದನ್ನು ಮುಟ್ಟದೆ, ವೀರ್ಯಾಣು ಬೆಳೆಸೋಕೆ ನೆರವಾಗೋ ಎಫ್‌ಎಸ್‌ಎಚ್ ಒಂದನ್ನೇ ಕಟ್ಟಿಹಾಕಿದ್ರೆ? ಕುರಿಯ ಎಫ್‌ಎಸ್‌ಎಚ್ಚನ್ನೇ ಲಸಿಕೆಯಾಗಿ ಕೋತಿಗಳಿಗೆ ಕೊಟ್ಟರು. (ದೇವಸ್ಥಾನದಲ್ಲಿ ನಮ್ಮ ಕೈಯಿಂದ ಬಾಳೆಹಣ್ಣು ಕಿತ್ಕೊಳ್ಳೋದೂ ಇದೇ ಜಾತಿ.) ಗಂಡು ಕೋತಿಗಳ ಫಲವಂತಿಕೆ ನಿಂತಿತು. 1997ರಲ್ಲಿ ಐದು ಜನ ಗಂಡಸರ ಮೇಲಿನ ಪ್ರಯೋಗದ ಫಲಿತಾಂಶ ಬಂತು. ವೀರ್ಯಾಣು ಕಡಿಮೆಯಾಯಿತು, ಸೊನ್ನೆ ಆಗಲಿಲ್ಲ. ಅದೇ ವರ್ಷ ಫಿನ್‌ಲೆಂಡಿನಿಂದ ಇನ್ನೊಂದು ಸುದ್ದಿ: ಹುಟ್ಟಿನಿಂದಲೇ ಎಫ್‌ಎಸ್‌ಎಚ್ ಕೆಲಸ ಮಾಡದ ಐವರಲ್ಲಿ ಇಬ್ಬರು ಅಪ್ಪಂದಿರಾಗಿದ್ದರು! ಮನುಷ್ಯರಲ್ಲಿ ಅದೊಂದನ್ನೇ ತಡೆದ್ರೆ ಸಾಲದು. ಆದ್ರೂ ಎಷ್ಟು ಚಂದದ ಯೋಚನೆ ಅದು, ನನಗೆ ಈಗಲೂ ಇಷ್ಟ.

ಎರಡೂ ಹಾರ್ಮೋನುಗಳನ್ನು ತಡೆಯೋ ಇಂಜೆಕ್ಷನ್‌ನ ಪರೀಕ್ಷೆ ಹಲವು ದೇಶಗಳ 320 ಗಂಡಸರ ಮೇಲೆ ನಡೀತು. ಗರ್ಭ ತಡೆಯೋದರಲ್ಲಿ ಚೆನ್ನಾಗಿಯೇ ಇತ್ತು. ಖಿನ್ನತೆ, ಮೊಡವೆ, ನೋವು ಇತ್ಯಾದಿ ದೂರು ಹೆಚ್ಚಾಯ್ತು ಅಂತ 2011ರಲ್ಲಿ ನಿಲ್ಲಿಸಿದರು. ಹೆಂಡತಿಗೆ ಓದಿ ಹೇಳಿದೆ. ಅವಳು ತನ್ನ ಪ್ಯಾಕೆಟ್ಟಿನೊಳಗಿನ ಚೀಟಿ ತಂದು ನನ್ನ ಮುಂದಿಟ್ಟಳು. ಅದರಲ್ಲೂ ತಲೆನೋವು, ಮೊಡವೆ, ಮನಸ್ಸಿನ ಏರುಪೇರು ಎಲ್ಲಾ ಇದೆ.

ಈಗಿನ ಆಸೆ ಒಂದು ಜೆಲ್ ಮೇಲೆ. ಇದನ್ನು ಪರೀಕ್ಷಿಸಿದ ಕಡೆಗಳಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯವೂ ಒಂದು, ನಮ್ಮ ಮನೆಯಿಂದ ಐ-5 ಹಿಡಿದು ಹೋದ್ರೆ ಸಿಗುತ್ತೆ. ಜೆಲ್‌ನಲ್ಲಿರೋ ನೆಸ್ಟೊರೋನ್ ಮಿದುಳನ್ನು ಸುಮ್ಮನಾಗಿಸುತ್ತೆ, ಜೊತೆಗಿರೋ ಟೆಸ್ಟೋಸ್ಟೆರಾನ್ ಗಡ್ಡ, ಆಸೆ, ಮೈಬಲ ಉಳಿಸುತ್ತೆ. ದಿನಾ ಭುಜಕ್ಕೆ ಹಚ್ಚಬೇಕು. ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಕಾದ ಮೇಲೆಯೇ ಪರಿಣಾಮ. ಅಂಗಡಿಗೆ ಇನ್ನೂ ಬಂದಿಲ್ಲ. ಬಂದ ಮೇಲೂ ಹಚ್ಚಿದ ಜಾಗವನ್ನು ತೊಳೆಯದೆ ಹೆಂಡತಿಗೆ ತಾಗಿಸೋ ಹಾಗಿಲ್ಲ, ಟೆಸ್ಟೋಸ್ಟೆರಾನ್ ಚರ್ಮದಿಂದ ಚರ್ಮಕ್ಕೆ ದಾಟುತ್ತೆ.