ದಿಮ್ಮಿ ಮನೆಯ ಹಣೆಬರಹ ಬರೆಯುವುದು ನೀರು

ಅರ್ಧ ಕೋಟಿಯನ್ನು ತುಸು ಮೀರಿದ ಜನಸಂಖ್ಯೆಯ ಫಿನ್‌ಲೆಂಡಿನಲ್ಲಿ ಸುಮಾರು 1,88,000 ಸರೋವರಗಳಿವೆ. ರಜೆ ಕಳೆಯಲೆಂದೇ ಕಟ್ಟಿಕೊಂಡ ಸುಮಾರು 5 ಲಕ್ಷ ಮನೆಗಳಿವೆ. ಅಲ್ಲಿನವರು ಮೊಕ್ಕಿ ಎಂದು ಕರೆಯುವ ಈ ಮನೆಗಳಲ್ಲಿ ಹೆಚ್ಚಿನವು ನೀರಿನ ಆಸುಪಾಸಿನಲ್ಲೇ ಇವೆ. ಪೈನ್ ಅಥವಾ ಸ್ಪ್ರೂಸ್ ಮರದ ದಿಮ್ಮಿಗಳನ್ನು ಅಡ್ಡಲಾಗಿ ಒಂದರ ಮೇಲೊಂದು ಪೇರಿಸಿ, ಮೂಲೆಗಳಲ್ಲಿ ಕಚ್ಚು ಕೊರೆದು ಕೂಡಿಸಿದ ಗೋಡೆಗಳು ಇಂಥ ಮನೆಗಳ ಗುರುತು. ಚಿತ್ರದಲ್ಲಿ ನೋಡಿದವರಿಗೆ ಇದು ಸರಳ ಕಟ್ಟಡವೆನಿಸುತ್ತದೆ. ಆ ಸರಳತೆಯ ಸುತ್ತ ಒಂದಿಷ್ಟು ನಂಬಿಕೆಗಳೂ ಹುಟ್ಟಿಕೊಂಡಿವೆ: ಮರ ಬೇಗ ಕೊಳೆಯುತ್ತದೆ, ಬೇಗ ಉರಿಯುತ್ತದೆ, ದಪ್ಪ ದಿಮ್ಮಿಯಿದ್ದರೆ ಚಳಿಯ ಚಿಂತೆಯಿಲ್ಲ, ಒಮ್ಮೆ ಕಟ್ಟಿದರೆ ಕೆಲಸ ಮುಗಿಯಿತು, ನೀರಿಗೆ ಹತ್ತಿರವಾದಷ್ಟೂ ಚೆನ್ನ. ಇವುಗಳಲ್ಲಿ ಕೆಲವು ಅನಗತ್ಯ ಭಯ, ಕೆಲವು ಅನಗತ್ಯ ಧೈರ್ಯ. ಬೆಂಕಿಯ ಭಯವೊಂದನ್ನು ಬದಿಗಿಟ್ಟರೆ ಮಿಕ್ಕೆಲ್ಲದರ ಬುಡದಲ್ಲಿರುವುದು ಒಂದೇ ತಪ್ಪು. ಮನೆಯ ಆಯುಸ್ಸನ್ನು ಮರದ ಗುಣವೇ ನಿರ್ಧರಿಸುತ್ತದೆ ಎಂದು ನಾವು ಎಣಿಸುತ್ತೇವೆ. ವಾಸ್ತವದಲ್ಲಿ ಅದನ್ನು ನಿರ್ಧರಿಸುವುದು ನೀರು: ಮರದೊಳಗಿನ ನೀರು, ಮರದ ಮೇಲೆ ಬೀಳುವ ನೀರು, ಮನೆಯಿಂದ ಹೊರಹೋಗುವ ನೀರು. ಈ ಮೂರನ್ನೂ ಹದದಲ್ಲಿಟ್ಟವರ ಮನೆ ಬಾಳುತ್ತದೆ, ಅವರ ಸರೋವರವೂ ಬಾಳುತ್ತದೆ.

ಕಲ್ಪನೆ: ಸರೋವರದ ತೇವಕ್ಕೆ ಮರದ ಮನೆ ಬೇಗ ಕೊಳೆಯುತ್ತದೆ

ಮಧ್ಯ ಫಿನ್‌ಲೆಂಡಿನ ಪೆಟಾಯವೆಸಿ ಎಂಬಲ್ಲಿ ಸರೋವರದ ದಂಡೆಗೆ ಹತ್ತಿಕೊಂಡೇ ಒಂದು ಇಗರ್ಜಿಯಿದೆ. ಪೈನ್ ದಿಮ್ಮಿಗಳಿಂದ 1763 ಮತ್ತು 1765ರ ನಡುವೆ ಅದನ್ನು ಕಟ್ಟಿದವನು ಯಾಕ್ಕೊ ಕ್ಲೆಮೆಟಿನ್‌ಪೊಯಿಕಾ ಲೆಪ್ಪಾನೆನ್ ಎಂಬ ಬಡಗಿ. ಬೇಸಿಗೆಯಲ್ಲಿ ದೋಣಿಯೇರಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ದಾಟಿ ಜನ ಅಲ್ಲಿಗೆ ಪ್ರಾರ್ಥನೆಗೆ ಬರುತ್ತಿದ್ದರು. ಒಳಗೆ ಬಿಸಿ ಮಾಡುವ ಏರ್ಪಾಡಿಲ್ಲದ ಆ ಕಟ್ಟಡ ಎರಡೂವರೆ ಶತಮಾನ ದಾಟಿ ನಿಂತಿದೆ. 1994ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ತೇವದ ಗಾಳಿ ಮಾತ್ರವೇ ಮರವನ್ನು ಕೊಲ್ಲುವಂತಿದ್ದರೆ ಇದು ಸಾಧ್ಯವಿರಲಿಲ್ಲ. ಮರವನ್ನು ತಿನ್ನುವುದು ಶಿಲೀಂಧ್ರ, ಮತ್ತು ಅದಕ್ಕೆ ಬದುಕಲು ಮರದೊಳಗೆ ದ್ರವರೂಪದ ನೀರು ಬೇಕು. ಮರದ ಒಣತೂಕದ ಶೇ. 28–30ರಷ್ಟು ತೇವ ಸೇರಿದಾಗ ನಾರಿನ ಗೋಡೆಗಳು ತುಂಬಿ, ಹೆಚ್ಚಿನ ನೀರು ಕೋಶಗಳಲ್ಲಿ ನಿಲ್ಲತೊಡಗುತ್ತದೆ. ಕೊಳೆತಕ್ಕೆ ಅನುಕೂಲವಾದ ಸ್ಥಿತಿ ಇದೇ. ತೇವ ಶೇ. 20ಕ್ಕಿಂತ ಕೆಳಗಿದ್ದರೆ ಶಿಲೀಂಧ್ರಕ್ಕೆ ನೆಲೆಯಿಲ್ಲ. ಮಳೆ ತಾಗದ, ನೆಲ ಮುಟ್ಟದ ಗೋಡೆ ಸರೋವರದ ಗಾಳಿಯಲ್ಲೂ ಸಾಮಾನ್ಯವಾಗಿ ಈ ಮಿತಿಯೊಳಗೇ ಉಳಿಯುತ್ತದೆ.

ಹಾಗಾದರೆ ದಿಮ್ಮಿ ಮನೆಗಳು ಕೊಳೆಯುವುದೇ ಇಲ್ಲವೇ? ಕೊಳೆಯುತ್ತವೆ, ಆದರೆ ಎಲ್ಲಿ ಎಂಬುದನ್ನು ಗಮನಿಸಬೇಕು. ತಳದ ಸಾಲು, ಕಿಟಕಿಯ ಕೆಳಭಾಗ, ಮೂಲೆಯಲ್ಲಿ ಹೊರಚಾಚಿದ ದಿಮ್ಮಿಯ ತುದಿ: ಲಡ್ಡು ಹಿಡಿಯುವುದು ಹೆಚ್ಚಾಗಿ ಈ ಮೂರು ಕಡೆ. ದಿಮ್ಮಿಯ ಕತ್ತರಿಸಿದ ತುದಿ ಒಟ್ಟಿಗೆ ಕಟ್ಟಿದ ಪೊಳ್ಳು ಹುಲ್ಲುಕಡ್ಡಿಗಳ ಕಂತೆಯಂತಿರುತ್ತದೆ; ಪಕ್ಕದ ಮೈಗಿಂತ ಎಷ್ಟೋ ಪಟ್ಟು ವೇಗವಾಗಿ ಅದು ನೀರು ಹೀರುತ್ತದೆ. ಮಳೆಹನಿ ನೆಲಕ್ಕೆ ಬಡಿದು ಸಿಡಿಯುವ ಎತ್ತರದೊಳಗೆ ತಳದ ದಿಮ್ಮಿಯಿದ್ದರೆ ಅದು ನೆನೆಯುತ್ತದೆ, ಅರೆಬರೆ ಒಣಗುತ್ತದೆ, ಮತ್ತೆ ನೆನೆಯುತ್ತದೆ. ಮರಕ್ಕೆ ಅತಿ ಕೆಟ್ಟ ಸ್ಥಿತಿ ಈ ನಡುವಿನದು. ಪೂರ್ತಿ ಮುಳುಗಿದ ಮರಕ್ಕೂ ಅಷ್ಟು ಅಪಾಯವಿಲ್ಲ, ಏಕೆಂದರೆ ಅಲ್ಲಿ ಶಿಲೀಂಧ್ರಕ್ಕೆ ಬೇಕಾದ ಆಮ್ಲಜನಕ ಸಿಗುವುದಿಲ್ಲ. 1628ರಲ್ಲಿ ಸ್ಟಾಕ್‌ಹೋಮ್ ಬಂದರಿನಲ್ಲಿ ಮುಳುಗಿದ ವಾಸಾ ಎಂಬ ಯುದ್ಧನೌಕೆಯನ್ನು 1961ರಲ್ಲಿ ಮೇಲೆತ್ತಿದಾಗ ಅದರ ಮರದ ಮೈ ಬಹುಪಾಲು ಇಡಿಯಾಗಿಯೇ ಉಳಿದಿತ್ತು. ಹೀಗಾಗಿ ರಾಸಾಯನಿಕ ಬಳಿಯುವುದಕ್ಕಿಂತ ಮೊದಲು ಮಾಡಬೇಕಾದ ರಕ್ಷಣೆ ಕಟ್ಟಡದ ಆಕಾರದಲ್ಲೇ ಇದೆ: ಎತ್ತರದ ಕಲ್ಲಿನ ಅಡಿಪಾಯ, ಗೋಡೆಯಿಂದಾಚೆ ಚೆನ್ನಾಗಿ ಚಾಚಿದ ಸೂರು, ಅಡಿಪಾಯಕ್ಕೂ ಮರಕ್ಕೂ ನಡುವೆ ತೇವ ಏರದಂತೆ ಒಂದು ತಡೆ. ನಮ್ಮ ಮಲೆನಾಡಿನ ಹಳೆಯ ಮನೆಗಳಲ್ಲಿ ಮರದ ಕಂಬವನ್ನು ಕಲ್ಲಿನ ಪೀಠದ ಮೇಲೆ ನಿಲ್ಲಿಸಿ, ಸೂರನ್ನು ಜಗಲಿಯಾಚೆಗೂ ಇಳಿಸಿದ್ದು ಇದೇ ಲೆಕ್ಕಾಚಾರದಿಂದ.

ದಿಮ್ಮಿ ಬರಿಮೈಯಲ್ಲಿ ಕಾಣಲೇಬೇಕು ಎಂಬ ಇಂದಿನ ಹಟವೂ ಇಲ್ಲಿ ಅಡ್ಡಬರುತ್ತದೆ. ಫಿನ್‌ಲೆಂಡಿನ ಹಳಬರು ಎಷ್ಟೋ ದಿಮ್ಮಿ ಮನೆಗಳ ಹೊರಮೈಗೆ ಹಲಗೆ ಹೊದಿಸಿ, ಕೆಮ್ಮಣ್ಣಿನ ಬಣ್ಣ ಬಳಿಯುತ್ತಿದ್ದರು. ಹಲಗೆ ಮಳೆಯ ಏಟು ತಿನ್ನುತ್ತದೆ, ಹಳತಾದರೆ ಬದಲಿಸಬಹುದು. ಒಳಗಿನ ದಿಮ್ಮಿ ಒಣಗಿಯೇ ಇರುತ್ತದೆ. ಮಣ್ಣಿನ ಬಣ್ಣ ಮರವನ್ನು ಉಸಿರಾಡಗೊಡುತ್ತದೆ. ಪ್ಲಾಸ್ಟಿಕ್ಕಿನಂಥ ಪೊರೆ ಕಟ್ಟುವ ಬಣ್ಣ ಬಿರುಕಿನಿಂದ ಒಳಹೋದ ನೀರನ್ನು ಹೊರಬಿಡದೆ ಹಿಡಿದಿಡುತ್ತದೆ. ಹೊಳಪಿನ ಗೋಡೆ ಸುರಕ್ಷಿತ ಗೋಡೆಯೆಂದು ಭಾವಿಸಿದವರು ಎಷ್ಟೋ ಸಲ ಕೊಳೆತಕ್ಕೆ ತಾವೇ ಮುಚ್ಚಳ ಹಾಕಿರುತ್ತಾರೆ.

ಕಲ್ಪನೆ: ಒಂದು ಕಿಡಿ ಸಾಕು, ಮನೆ ಬೂದಿ

ಮರ ಉರಿಯುತ್ತದೆ ಎಂಬುದು ನಿಜ. ಆದರೆ ಪುಳ್ಳೆಯೂ ದಿಮ್ಮಿಯೂ ಒಂದೇ ರೀತಿ ಉರಿಯುವುದಿಲ್ಲ. ದಪ್ಪ ಮರಕ್ಕೆ ಬೆಂಕಿ ತಗುಲಿದಾಗ ಮೇಲ್ಮೈ ಇದ್ದಿಲಾಗುತ್ತದೆ, ಆ ಇದ್ದಿಲ ಪದರವೇ ಒಳಗಿನ ಮರಕ್ಕೆ ಶಾಖ ತಟ್ಟದಂತೆ ತಡೆಯುತ್ತದೆ. ಯುರೋಪಿನ ಕಟ್ಟಡ ವಿನ್ಯಾಸದ ಮಾನದಂಡವು ಪೈನ್‌ನಂಥ ಮೆದುಮರ ನಿಮಿಷಕ್ಕೆ ಸುಮಾರು 0.65 ಮಿ.ಮೀ. ಇದ್ದಿಲಾಗುತ್ತದೆ ಎಂದು ಲೆಕ್ಕ ಹಿಡಿಯುತ್ತದೆ. ಅಂದರೆ ಅರ್ಧ ಗಂಟೆಯಲ್ಲಿ 2 ಸೆಂ.ಮೀ.; 20 ಸೆಂ.ಮೀ. ದಪ್ಪದ ಗೋಡೆಯಲ್ಲಿ ಇನ್ನೂ 18 ಸೆಂ.ಮೀ. ಉಳಿದಿರುತ್ತದೆ. 1827ರಲ್ಲಿ ಫಿನ್‌ಲೆಂಡಿನ ಟುರ್ಕು ನಗರದ ಬಹುಭಾಗ ಸುಟ್ಟುಹೋಗಲಿಲ್ಲವೇ ಎಂದು ಕೇಳಬಹುದು. ಒತ್ತೊತ್ತಾಗಿ ಕಟ್ಟಿದ ಮರದ ಮನೆಗಳ ನಗರದಲ್ಲಿ, ಗಾಳಿಯಿದ್ದ ದಿನ, ಬೆಂಕಿ ಹತ್ತಿಕೊಂಡಾಗ ಆದ ಅನಾಹುತವದು. ಕಾಡಿನಂಚಿನ ಒಂಟಿ ಮನೆಗೆ ಆ ಹೋಲಿಕೆ ಪೂರ್ತಿ ಹೊಂದುವುದಿಲ್ಲ. ಇಲ್ಲಿ ಎಚ್ಚರ ಬೇಕಾದದ್ದು ಒಲೆ, ಹೊಗೆಕೊಳವೆ ಮತ್ತು ಸೌನಾ ಎಂಬ ಬಿಸಿಹಬೆಯ ಸ್ನಾನದ ಕೋಣೆಯ ಬಗ್ಗೆ. ಸೌನಾವನ್ನು ಹಿಂದಿನವರು ವಾಸದ ಮನೆಯಿಂದ ದೂರ ಕಟ್ಟುತ್ತಿದ್ದದ್ದರಲ್ಲಿ ಈ ಎಚ್ಚರವೂ ಇತ್ತು.

ಕಲ್ಪನೆ: ದಪ್ಪ ದಿಮ್ಮಿಯಿದ್ದರೆ ಬೇರೆ ಶಾಖ ನಿರೋಧಕ ಬೇಡ

ಇದು ಅನಗತ್ಯ ಧೈರ್ಯ. ಮರ ಕಲ್ಲು ಕಾಂಕ್ರೀಟಿಗಿಂತ ಎಷ್ಟೋ ಚೆನ್ನಾಗಿ ಶಾಖವನ್ನು ತಡೆಯುತ್ತದೆ ಎಂಬುದು ಸರಿ, ಆದರೆ ಖನಿಜ ಉಣ್ಣೆಯಂಥ ನಿರೋಧಕದ ಮುಂದೆ ಅದು ಸುಮಾರು ಮೂರು ಪಟ್ಟು ಹಿಂದಿದೆ. ಫಿನ್‌ಲೆಂಡಿನ ಕಟ್ಟಡ ನಿಯಮವೇ ಈ ವ್ಯತ್ಯಾಸವನ್ನು ಒಪ್ಪಿಕೊಂಡಿದೆ. ಗೋಡೆಯ ಒಂದು ಚದರ ಮೀಟರಿನಲ್ಲಿ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಸೋರಬಹುದಾದ ಶಾಖಕ್ಕೆ ಸಾಮಾನ್ಯ ಗೋಡೆಗೆ ಇಟ್ಟ ಹೋಲಿಕೆಯ ಅಳತೆ 0.17 ವ್ಯಾಟ್, ಕನಿಷ್ಠ 18 ಸೆಂ.ಮೀ. ದಪ್ಪದ ದಿಮ್ಮಿ ಗೋಡೆಗೆ ಅದನ್ನು 0.40ಕ್ಕೆ ಸಡಿಲಿಸಲಾಗಿದೆ. ದಿಮ್ಮಿ ಕಟ್ಟಡದ ಪರಂಪರೆ ಉಳಿಯಲಿ ಎಂದು ಕೊಟ್ಟ ಈ ರಿಯಾಯಿತಿಯನ್ನು ಯೋಗ್ಯತಾಪತ್ರವೆಂದು ಓದಬಾರದು. ಚಾವಣಿ, ನೆಲ, ಕಿಟಕಿಗಳಲ್ಲಿ ಆ ಕೊರತೆಯನ್ನು ತುಂಬಿಕೊಳ್ಳಬೇಕಾಗುತ್ತದೆ.

ದಿಮ್ಮಿ ಶಾಖವನ್ನು ಕೂಡಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ, ಆದ್ದರಿಂದ ಕಾಗದದ ಮೇಲಿನ ಲೆಕ್ಕ ಅದಕ್ಕೆ ಅನ್ಯಾಯ ಮಾಡುತ್ತದೆ ಎಂಬ ವಾದವೊಂದಿದೆ. ಹಗಲು ಬಿಸಿಲು, ರಾತ್ರಿ ಚಳಿ ಇರುವ ವಸಂತ ಮತ್ತು ಶರತ್ಕಾಲದಲ್ಲಿ ಈ ವಾದಕ್ಕೆ ಬಲವಿದೆ. ವಾರಗಟ್ಟಲೆ ಸೊನ್ನೆಗಿಂತ ಕೆಳಗೇ ಇರುವ ಚಳಿಗಾಲದಲ್ಲಿ ಶಾಖ ಒಂದೇ ದಿಕ್ಕಿಗೆ, ಹೊರಗೆ, ಹರಿಯುತ್ತಿರುತ್ತದೆ. ಆಗ ಕೂಡಿಡುವ ಗುಣದಿಂದ ದೊಡ್ಡ ಲಾಭವಿಲ್ಲ. ರಜೆಯ ಮನೆಯ ವಿಷಯದಲ್ಲಂತೂ ಅದೇ ಗುಣ ತೊಡಕಾಗಬಹುದು. ಶುಕ್ರವಾರ ಸಂಜೆ ಬಂದು ಒಲೆ ಹೊತ್ತಿಸಿದರೆ ತಣ್ಣಗೆ ಕೊರೆಯುವ ಟನ್ನುಗಟ್ಟಲೆ ಮರ ಬೆಚ್ಚಗಾಗುವವರೆಗೆ ಕಾಯಬೇಕು. ಇದಕ್ಕೆ ಪರಿಹಾರವೆಂದು ಗೋಡೆಯ ಒಳಮೈಗೆ ಪ್ಲಾಸ್ಟಿಕ್ ಹಾಳೆ, ನಿರೋಧಕ, ಹಲಗೆ ಎಂದು ಪದರ ಹಾಕುವವರಿದ್ದಾರೆ. ಆಗ ದಿಮ್ಮಿ ತಣ್ಣಗಿರುವ ಹೊರಭಾಗದಲ್ಲಿ ಉಳಿಯುತ್ತದೆ, ಒಳಮುಖವಾಗಿ ಒಣಗುವ ದಾರಿ ಮುಚ್ಚುತ್ತದೆ, ಬಿರುಕುಗಳಲ್ಲಿ ಸೇರಿದ ನೀರು ಅಲ್ಲೇ ನಿಲ್ಲುತ್ತದೆ. ಚಳಿ ತಡೆಯಲು ಹೋಗಿ ಕೊಳೆತಕ್ಕೆ ಎಡೆ ಮಾಡಿದಂತಾಗುತ್ತದೆ. ಇದಕ್ಕಿಂತ ಮೊದಲು ಮಾಡಬೇಕಾದದ್ದು ದಿಮ್ಮಿಗಳ ನಡುವಿನ ಸಂದುಗಳಲ್ಲಿ ಗಾಳಿ ನುಗ್ಗದಂತೆ ನೋಡಿಕೊಳ್ಳುವುದು. ಹಿಂದೆ ಅಲ್ಲಿಗೆ ಒಣ ಹಾವಸೆ ತುರುಕುತ್ತಿದ್ದರು, ಈಗ ಅಗಸೆ ನಾರು ಅಥವಾ ಉಣ್ಣೆಯ ಪಟ್ಟಿ ಬಳಸುತ್ತಾರೆ.

ಕಲ್ಪನೆ: ಗೋಡೆ ಎದ್ದರೆ ಮನೆ ಮುಗಿದಂತೆ

ಗೋಡೆ ಎದ್ದ ಮೇಲೆಯೇ ಮರದೊಳಗಿನ ನೀರು ತನ್ನ ಕೆಲಸ ಶುರು ಮಾಡುವುದು. ಒಣಗುವಾಗ ಮರ ಉದ್ದಕ್ಕೆ ಕುಗ್ಗುವುದು ನಗಣ್ಯ, ಅಡ್ಡಕ್ಕೆ ಕುಗ್ಗುವುದು ಗಣನೀಯ. ದಿಮ್ಮಿ ಗೋಡೆಯಲ್ಲಿ ಎತ್ತರವೆಂದರೆ ದಿಮ್ಮಿಗಳ ಅಡ್ಡಳತೆಗಳ ಮೊತ್ತ. ಆದ್ದರಿಂದ ಇಡೀ ಗೋಡೆ ಕೆಳಗೆ ಕೂರುತ್ತದೆ. ಹಸಿ ದಿಮ್ಮಿಯಲ್ಲಿ ಎತ್ತರದ ಶೇ. 6ರವರೆಗೆ ಇಳಿತಕ್ಕೆ ಜಾಗ ಬಿಡುವುದು ಕಸಬುದಾರರ ರೂಢಿ, 2.5 ಮೀಟರ್ ಗೋಡೆಗೆ ಅದು 15 ಸೆಂ.ಮೀ. ಆಗುತ್ತದೆ. ಒಣಗಿಸಿದ ದಿಮ್ಮಿಯಲ್ಲಿ ಇಳಿತ ಕಡಿಮೆ, ಆದರೂ ಇದ್ದೇ ಇರುತ್ತದೆ. ನೆಟ್ಟಗೆ ನಿಲ್ಲಿಸಿದ ಕಂಬ, ಇಟ್ಟಿಗೆಯ ಹೊಗೆಗೂಡು, ಕಿಟಕಿಯ ಚೌಕಟ್ಟು ಮಾತ್ರ ಇಳಿಯುವುದಿಲ್ಲ. ಹೀಗಾಗಿ ಕಿಟಕಿ ಬಾಗಿಲ ಮೇಲೆ ತೆರವು ಬಿಟ್ಟು ಮೃದುವಾದ ನಾರು ತುಂಬಬೇಕು, ಕಂಬಗಳ ಕೆಳಗೋ ಮೇಲೋ ಸ್ಕ್ರೂ ಜಾಕ್ ಇಟ್ಟು ಮೊದಲ ಕೆಲವು ವರ್ಷ ಆಗಾಗ ಇಳಿಸುತ್ತಿರಬೇಕು. ಇದನ್ನು ಮಾಡದಿದ್ದರೆ ಭಾರವೆಲ್ಲ ಕಂಬದ ಮೇಲೆ ಬಿದ್ದು, ದಿಮ್ಮಿಗಳ ನಡುವೆ ಸಂದು ಬಿಡುತ್ತದೆ, ಕಿಟಕಿ ಸಿಕ್ಕಿಕೊಳ್ಳುತ್ತದೆ. ದಿಮ್ಮಿಯ ಮೈಯಲ್ಲಿ ಉದ್ದಕ್ಕೆ ಬಿಡುವ ಸೀಳು ನೋಡಿ ಮನೆ ಬಿರಿಯಿತೆಂದು ಹೆದರುವವರಿದ್ದಾರೆ. ಅದು ಒಣಗುವ ಮರದ ಸಹಜ ಲಕ್ಷಣ. ಹೊರಗೋಡೆಯಲ್ಲಿ ಮೇಲ್ಮುಖವಾಗಿದ್ದು ಮಳೆನೀರು ಹಿಡಿಯುವ ಸೀಳನ್ನು ಮಾತ್ರ ಮುಚ್ಚಿದರೆ ಸಾಕು. ಈಗ ಪದರಗಳನ್ನು ಅಂಟಿಸಿ, ನಡುವೆ ನೆಟ್ಟಗಿನ ಪದರ ಸೇರಿಸಿದ, ಹೆಚ್ಚುಕಡಿಮೆ ಇಳಿಯದ ದಿಮ್ಮಿಗಳೂ ಬಂದಿವೆ. ಅವು ಈ ಒಂದು ಚಿಂತೆಯನ್ನು ಕಳೆಯುತ್ತವೆ. ಸೂರು, ಅಡಿಪಾಯಗಳ ಚಿಂತೆಯನ್ನು ಕಳೆಯುವುದಿಲ್ಲ.

ಕಲ್ಪನೆ: ನೀರಿಗೆ ಹತ್ತಿರವಾದಷ್ಟೂ ಒಳ್ಳೆಯದು

ಹೆಚ್ಚಿನ ಹಾನಿಗೆ ಕಾರಣವಾಗುವ ತಪ್ಪು ಕಲ್ಪನೆ ಇದೇ, ಏಕೆಂದರೆ ಇದರಿಂದ ಕೆಡುವುದು ಕಟ್ಟಿದವರ ಮನೆಯೊಂದೇ ಅಲ್ಲ. ಫಿನ್‌ಲೆಂಡಿನ ಸರೋವರಗಳು ಬಹಳ ಆಳವಿಲ್ಲ. ಅವುಗಳ ಸರಾಸರಿ ಆಳ ಸುಮಾರು 7 ಮೀಟರ್. ಇಂಥ ನೀರಿಗೆ ಮನೆಯ ಕೊಳಚೆಯಿಂದ ರಂಜಕ ಸೇರಿದರೆ ಪಾಚಿ ಹಬ್ಬುತ್ತದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಪ್ರಾಯೋಗಿಕ ಸರೋವರ ವಲಯದಲ್ಲಿ 1973ರಲ್ಲಿ ಡೇವಿಡ್ ಶಿಂಡ್ಲರ್ ನೇತೃತ್ವದ ವಿಜ್ಞಾನಿಗಳು 226ನೇ ಸಂಖ್ಯೆಯ ಸರೋವರವನ್ನು ಪರದೆಯಿಂದ ಎರಡು ಭಾಗ ಮಾಡಿದರು. ಒಂದಕ್ಕೆ ಇಂಗಾಲ ಮತ್ತು ಸಾರಜನಕ, ಇನ್ನೊಂದಕ್ಕೆ ಅವುಗಳ ಜೊತೆ ರಂಜಕ ಹಾಕಿದರು. ರಂಜಕ ಬಿದ್ದ ಭಾಗ ಹಸಿರು ಪಾಚಿಯಿಂದ ತುಂಬಿತು, ಇನ್ನೊಂದು ತಿಳಿಯಾಗಿ ಉಳಿಯಿತು. ತಳದ ಕೆಸರಿಗೆ ಸೇರಿದ ರಂಜಕ ಮುಂದೆ ವರ್ಷಗಟ್ಟಲೆ ಮತ್ತೆ ಮತ್ತೆ ನೀರಿಗೆ ಬಿಡುಗಡೆಯಾಗುತ್ತಿರುತ್ತದೆ. ಆಮೇಲೆ ಎಚ್ಚೆತ್ತರೂ ನೀರು ಬೇಗ ತಿಳಿಯಾಗುವುದಿಲ್ಲ.

ಒಂದು ಸಣ್ಣ ಮನೆಯಿಂದ ಎಷ್ಟು ಕೆಡುಕಾದೀತು ಎಂಬ ಪ್ರಶ್ನೆ ಸಹಜ. ಆದರೆ ದಂಡೆಯ ಪ್ರತಿಯೊಬ್ಬ ಮಾಲೀಕನೂ ಅದನ್ನೇ ಕೇಳುತ್ತಾನೆ, ಸರೋವರಕ್ಕೆ ತಲುಪುವುದು ಎಲ್ಲರ ಉತ್ತರಗಳ ಮೊತ್ತ. ಅದಕ್ಕಾಗಿಯೇ ಫಿನ್‌ಲೆಂಡಿನಲ್ಲಿ 2000ದಿಂದ ಜಾರಿಯಲ್ಲಿರುವ ಭೂಬಳಕೆಯ ಕಾನೂನು, ತೀರದ ಯೋಜನೆಯಿಲ್ಲದ ಕಡೆ ವಿಶೇಷ ಅನುಮತಿ ಪಡೆಯದೆ ಹೊಸ ಮನೆ ಕಟ್ಟಗೊಡುವುದಿಲ್ಲ. ನೀರಿನಿಂದ ಎಷ್ಟು ದೂರ ಕಟ್ಟಬೇಕೆಂಬುದನ್ನು ಸ್ಥಳೀಯ ಆಡಳಿತಗಳು ಗೊತ್ತುಮಾಡುತ್ತವೆ. ನೀರಿನಿಂದ 100 ಮೀಟರಿನೊಳಗಿರುವ ಹಳೆಯ ಮನೆಗಳು ತಮ್ಮ ಕೊಳಚೆ ಶುದ್ಧೀಕರಣವನ್ನು 2019ರ ಅಕ್ಟೋಬರ್ ಅಂತ್ಯದೊಳಗೆ ಸರಿಪಡಿಸಿಕೊಳ್ಳಬೇಕಿತ್ತು. ಅಮೆರಿಕದ ಮಿನಿಸೋಟಾ ರಾಜ್ಯವೂ ಸರೋವರದ ವರ್ಗಕ್ಕೆ ತಕ್ಕಂತೆ 75, 100 ಅಥವಾ 150 ಅಡಿ ಅಂತರವನ್ನು ಮಾನದಂಡವಾಗಿಟ್ಟಿದೆ. ಹಿಂದಿನವರ ಸೌನಾ ನೀರಂಚಿನಲ್ಲೇ ಇರುತ್ತಿತ್ತಲ್ಲ ಎಂದು ಆಕ್ಷೇಪಿಸುವವರು ಒಂದು ವ್ಯತ್ಯಾಸ ಮರೆಯುತ್ತಾರೆ. ಅಲ್ಲಿ ಶೌಚಾಲಯವಾಗಲಿ, ಪಾತ್ರೆ ಬಟ್ಟೆ ತೊಳೆಯುವ ಯಂತ್ರವಾಗಲಿ ಇರಲಿಲ್ಲ. ಕೈಯಲ್ಲಿ ಹೊತ್ತು ತಂದ ಕೆಲವು ಬಕೆಟ್ ನೀರಷ್ಟೇ ಬಳಕೆಯಾಗುತ್ತಿತ್ತು. ನೀರಿಲ್ಲದೆ ನಡೆಯುವ ಒಣ ಶೌಚಾಲಯ ಇಂದಿಗೂ ಫಿನ್‌ಲೆಂಡಿನ ರಜೆಯ ಮನೆಗಳಲ್ಲಿ ಸಾಮಾನ್ಯವಾಗಿ ಉಳಿದಿರುವುದು ಬಡತನದಿಂದಲ್ಲ. ಸರೋವರಕ್ಕೆ ಹೋಗಬಹುದಾದ ರಂಜಕದ ದೊಡ್ಡ ಪಾಲನ್ನು ಅದು ಮೂಲದಲ್ಲೇ ತಡೆಯುತ್ತದೆ. ದಂಡೆಯ ಪೊದೆ, ಜೊಂಡು, ಮರಗಳನ್ನು ನೋಟಕ್ಕಾಗಿ ಕಡಿಯದೆ ಬಿಟ್ಟರೆ ಅವುಗಳ ಬೇರು ಮಣ್ಣನ್ನೂ ಹಿಡಿಯುತ್ತದೆ, ಹರಿದುಬರುವ ಪೋಷಕಾಂಶವನ್ನೂ ಹೀರುತ್ತದೆ.

ಇಂಥ ಮನೆಗಳ ಚಿತ್ರಗಳಿಗೆ ಮನಸೋತು ಸಕಲೇಶಪುರದಲ್ಲೋ ಕೊಡಗಿನಲ್ಲೋ ಅದೇ ಪೈನ್ ಮನೆಯನ್ನು ನಿಲ್ಲಿಸಬಯಸುವವರು ಒಂದು ಮಾತು ಗಮನಿಸಬೇಕು. ಫಿನ್‌ಲೆಂಡಿನಲ್ಲಿ ಗೆದ್ದಲಿಲ್ಲ, ವರ್ಷದ ಮಳೆ ಸಾಮಾನ್ಯವಾಗಿ 500ರಿಂದ 750 ಮಿ.ಮೀ.; ವರ್ಷದ ಹಲವು ತಿಂಗಳು ಶಿಲೀಂಧ್ರ ಬೆಳೆಯಲಾಗದಷ್ಟು ಚಳಿ. ನಮ್ಮ ಘಟ್ಟದಲ್ಲಿ ಈ ಮೂರು ರಕ್ಷಣೆಗಳೂ ಇಲ್ಲ. ಇಲ್ಲಿಗೆ ತಂದುಕೊಳ್ಳಬೇಕಾದದ್ದು ಅಲ್ಲಿನ ಗೋಡೆಯ ರೂಪವನ್ನಲ್ಲ, ನೀರನ್ನು ದೂರವಿಡುವ ಶಿಸ್ತನ್ನು. ಅದು ನಮ್ಮ ಹಳೆಯ ಮನೆಗಳಲ್ಲಿ ಆಗಲೇ ಇದೆ.

ಹೀಗಾಗಿ ಸರೋವರದ ಬಳಿ ದಿಮ್ಮಿ ಮನೆ ಕಟ್ಟುವವರು ಮರದ ಜಾತಿ, ದಪ್ಪ, ಬಣ್ಣಗಳಿಂದ ಯೋಚನೆ ಆರಂಭಿಸಬಾರದು. ಮೊದಲು ಜಾಗ: ನೀರಿನಿಂದ ಎಷ್ಟು ದೂರ, ಎಷ್ಟು ಎತ್ತರ. ಆಮೇಲೆ ಕೊಳಚೆ ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕ. ಅದರ ನಂತರ ಅಡಿಪಾಯ ಮತ್ತು ಸೂರು. ದಿಮ್ಮಿ ಬರಬೇಕಾದದ್ದು ಇವೆಲ್ಲ ತೀರ್ಮಾನವಾದ ಮೇಲೆ. ಈ ಕ್ರಮ ತಲೆಕೆಳಗಾದರೆ ಎಷ್ಟು ಒಳ್ಳೆಯ ಮರ ತಂದರೂ ಮನೆಯನ್ನು ಉಳಿಸಲಾಗದು; ಮನೆ ಉಳಿದರೂ, ಯಾವ ತಿಳಿನೀರನ್ನು ನೋಡಲೆಂದು ಅದನ್ನು ಕಟ್ಟಿದೆವೋ ಆ ನೀರು ಉಳಿಯದು.