ಎಷ್ಟು ಭಾರ, ಎಷ್ಟು ಬಾರಿ? – ಸ್ನಾಯು ಬೆಳವಣಿಗೆಯ ಲೆಕ್ಕಾಚಾರ

ಚಿಟಗುಪ್ಪದ ಇಬ್ಬರು ಗೆಳೆಯರನ್ನು ಕಲ್ಪಿಸಿಕೊಳ್ಳೋಣ. ಇಬ್ಬರಿಗೂ ಇಪ್ಪತ್ತರ ಪ್ರಾಯ. ಇಬ್ಬರೂ ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಗೆ ತಯಾರಿ ನಡೆಸಿದ್ದಾರೆ. ಮೊದಲನೆಯವನು ಊರಿನ ಹಿರಿಯ ಪೈಲ್ವಾನರ ಮಾತಿನಂತೆ ದಿನವೂ ನಸುಕಿನಲ್ಲಿ ಎದ್ದು ಐನೂರು ಬಸ್ಕಿ, ಇನ್ನೂರು ದಂಡೆ ಹೊಡೆಯುತ್ತಾನೆ. ಎರಡನೆಯವನು ಹುಮನಾಬಾದಿನ ಜಿಮ್‌ಗೆ ಹೋಗಿ, ತನ್ನಿಂದ ಎತ್ತಲಾಗುವಷ್ಟು ಗರಿಷ್ಠ ಭಾರವನ್ನು ಎರಡು ಮೂರು ಸಲ ಎತ್ತಿ ಹಿಂತಿರುಗುತ್ತಾನೆ. ಆರು ತಿಂಗಳು ಕಳೆದರೂ ಇಬ್ಬರ ತೋಳು ತೊಡೆಗಳೂ ಹೆಚ್ಚೇನೂ ಬೆಳೆದಿಲ್ಲ. ಒಬ್ಬನಿಗೆ ಮೊಣಕಾಲು ನೋವು, ಇನ್ನೊಬ್ಬನಿಗೆ ಭುಜದ ನೋವು ಮಾತ್ರ ಗಳಿಕೆ!

ಇಂಥ ಯುವಕರು ನಮ್ಮ ಕಾಲೇಜುಗಳಲ್ಲಿ ಎಲ್ಲೆಲ್ಲೂ ಇದ್ದಾರೆ. ಅವರಲ್ಲಿ ಶ್ರಮಕ್ಕೆ ಕೊರತೆಯಿಲ್ಲ. ತಪ್ಪಿರುವುದು ಲೆಕ್ಕ. ವ್ಯಾಯಾಮದ ಪ್ರಮಾಣ ಮತ್ತು ತೀವ್ರತೆ ಎಂಬ ಎರಡು ಅಂಶಗಳನ್ನು ಹೊಂದಿಸುವ ಬಗೆಯನ್ನು ವಿಜ್ಞಾನ ಹೇಗೆ ಅರಿತುಕೊಂಡಿತು ಎಂಬುದನ್ನು ಇಲ್ಲಿ ನೋಡೋಣ.

ಕಲ್ಯಾಣದ ಮಲ್ಲರು

ಹುಮನಾಬಾದ್ ದಾಟಿ ಮುಂದೆ ಹೋದರೆ ಬಸವಕಲ್ಯಾಣ. ಒಂಬತ್ತು ಶತಮಾನಗಳ ಹಿಂದೆ ಅದು ಕಲ್ಯಾಣದ ಚಾಲುಕ್ಯರ ರಾಜಧಾನಿ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ 'ಮಾನಸೋಲ್ಲಾಸ' ಎಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದ. ಅದರಲ್ಲಿ 'ಮಲ್ಲವಿನೋದ' ಎಂಬ ಭಾಗವಿದೆ. ಮಲ್ಲರನ್ನು ವಯಸ್ಸು, ಗಾತ್ರ, ಬಲಗಳಿಗೆ ಅನುಗುಣವಾಗಿ ವಿಂಗಡಿಸಬೇಕು ಎಂದು ಅದು ಹೇಳುತ್ತದೆ. ಭಾರ ಎತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ಈಜಿನ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮ ಎಂದು ಸಾಧನೆಗಳನ್ನು ಬೇರೆ ಬೇರೆಯಾಗಿ ಹೆಸರಿಸುತ್ತದೆ. ಮಲ್ಲರಿಗೆ ಬೇಳೆಕಾಳು, ಹಾಲು, ಮಾಂಸಗಳನ್ನು ಒದಗಿಸುವುದು ಅರಸನ ಹೊಣೆ ಎಂದೂ ವಿಧಿಸುತ್ತದೆ.

ಅಂದರೆ ಎಲ್ಲರಿಗೂ ಒಂದೇ ಸಾಮು ಸಲ್ಲದು, ಎಲ್ಲ ಶ್ರಮವೂ ಒಂದೇ ಬಗೆಯದಲ್ಲ, ಶ್ರಮಕ್ಕೆ ತಕ್ಕ ಆಹಾರ ಬೇಕು ಎಂಬ ಮೂರು ಮಾತುಗಳು ಈ ನೆಲದಲ್ಲಿ ಅಂದೇ ಬರಹಕ್ಕೆ ಇಳಿದಿದ್ದವು. ಯಾವ ಶ್ರಮ ಎಷ್ಟು ಎಂಬ ಅಳತೆ ಮಾತ್ರ ಇಪ್ಪತ್ತನೆಯ ಶತಮಾನದವರೆಗೆ ಕಾಯಬೇಕಾಯಿತು.

ಒಂದೇ ಮೊತ್ತ, ಮೂರು ಫಲ

ಮೊದಲು ಪದಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಒಬ್ಬ ವ್ಯಕ್ತಿ ಸರಿಯಾದ ಭಂಗಿಯಲ್ಲಿ ಒಂದೇ ಒಂದು ಸಲ ಎತ್ತಬಲ್ಲ ಭಾರವನ್ನು ಅವನ 'ಗರಿಷ್ಠ ಭಾರ' ಎನ್ನೋಣ. ವ್ಯಾಯಾಮದಲ್ಲಿ ಬಳಸುವ ಭಾರ ಈ ಗರಿಷ್ಠದ ಶೇಕಡಾ ಎಷ್ಟು ಎಂಬುದೇ ತೀವ್ರತೆ. ಬಿಡುವಿಲ್ಲದೆ ಒಂದೇ ಸಮನೆ ಎತ್ತಿದ ಸಲಗಳ ಗುಂಪು ಒಂದು 'ಸುತ್ತು'. ಜಿಮ್‌ನವರು ಇದನ್ನೇ ಸೆಟ್ ಎನ್ನುತ್ತಾರೆ. ಭಾರ, ಸಲ, ಸುತ್ತು ಈ ಮೂರರ ಗುಣಲಬ್ಧವೇ ವ್ಯಾಯಾಮದ ಪ್ರಮಾಣ.

ಗರಿಷ್ಠ ಭಾರ 50 ಕಿ.ಗ್ರಾಂ. ಇರುವ ವ್ಯಕ್ತಿಯೊಬ್ಬನ ಮೂರು ದಿನಗಳ ಲೆಕ್ಕ ಹೀಗಿದೆ ಎಂದುಕೊಳ್ಳಿ:

ಸೋಮವಾರ: 40 ಕಿ.ಗ್ರಾಂ. × 8 ಸಲ × 3 ಸುತ್ತು = 960
ಗುರುವಾರ: 20 ಕಿ.ಗ್ರಾಂ. × 24 ಸಲ × 2 ಸುತ್ತು = 960
ಭಾನುವಾರ: 5 ಕಿ.ಗ್ರಾಂ. × 192 ಸಲ × 1 ಸುತ್ತು = 960

ಮೊತ್ತ ಒಂದೇ. ಭಾರವನ್ನು ಪ್ರತಿ ಸಲ ಅರ್ಧ ಮೀಟರ್ ಎತ್ತಿದರೆ ಭೌತವಿಜ್ಞಾನದ ಪ್ರಕಾರ ಮೂರೂ ದಿನ ನಡೆದ ಕೆಲಸವೂ ಒಂದೇ: 960 × 9.8 × 0.5, ಅಂದರೆ 4704 ಜೂಲ್. ಇದು ಸುಮಾರು 1.1 ಕಿಲೊಕ್ಯಾಲೊರಿ. ಸ್ನಾಯುವಿನ ದಕ್ಷತೆ ನಾಲ್ಕನೆಯ ಅಥವಾ ಐದನೆಯ ಒಂದು ಭಾಗದಷ್ಟೇ ಆದ್ದರಿಂದ ದೇಹ ಇದಕ್ಕಾಗಿ ವ್ಯಯಿಸುವುದು ಸುಮಾರು ಐದು ಕಿಲೊಕ್ಯಾಲೊರಿ. ಒಂದೆರಡು ಶೇಂಗಾ ಬೀಜದ ಶಕ್ತಿ! ಸ್ನಾಯು ಬೆಳೆಯುವುದು ವ್ಯಯವಾದ ಶಕ್ತಿಯ ಮೊತ್ತದಿಂದಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ.

ಮೊದಲ ಎರಡು ದಿನಗಳ ವ್ಯಾಯಾಮ ಸ್ನಾಯುವನ್ನು ಬೆಳೆಸಬಲ್ಲದು. ಮೂರನೆಯದು ಹೆಚ್ಚೇನೂ ಬೆಳೆಸದು. ಏಕೆ?

ತಂತುಗಳು ಕೆಲಸಕ್ಕೆ ಬರುವ ಕ್ರಮ

ಸ್ನಾಯು ಎಂದರೆ ಸಾವಿರಾರು ತಂತುಗಳ ಕಟ್ಟು. ಒಂದು ಚಾಲಕ ನರಕೋಶ ಮತ್ತು ಅದು ನಿಯಂತ್ರಿಸುವ ತಂತುಗಳು ಸೇರಿ ಒಂದು 'ಚಾಲಕ ಘಟಕ'. ಕೆಲವು ಘಟಕಗಳು ಚಿಕ್ಕವು. ಬಲ ಕಡಿಮೆ, ಆದರೆ ಬೇಗ ದಣಿಯವು. ಕೆಲವು ದೊಡ್ಡವು, ಬಲ ಹೆಚ್ಚು, ದಣಿವೂ ಬೇಗ. ಮಿದುಳು ಇವೆಲ್ಲವನ್ನೂ ಒಮ್ಮೆಗೇ ಬಳಸುವುದಿಲ್ಲ. ಮೊದಲು ಚಿಕ್ಕ ಘಟಕಗಳು, ಅವು ಸಾಲದಾದಾಗ ಮಾತ್ರ ದೊಡ್ಡವು ಕೆಲಸಕ್ಕೆ ಇಳಿಯುತ್ತವೆ. ಅಮೆರಿಕದ ನರವಿಜ್ಞಾನಿ ಎಲ್‌ವುಡ್ ಹೆನ್ನೆಮನ್ 1957ರಲ್ಲಿ ಮಂಡಿಸಿದ ಈ ವಿಚಾರಕ್ಕೆ 'ಗಾತ್ರ ನಿಯಮ' ಎಂದು ಹೆಸರು. ಹೊಲದಲ್ಲಿ ಕೆಲಸ ಹಗುರವಿದ್ದಾಗ ಮನೆಯವರೇ ಮಾಡಿ ಮುಗಿಸುತ್ತಾರೆ. ಸುಗ್ಗಿ ಬಂದಾಗ ಮಾತ್ರ ಆಳುಗಳನ್ನು ಕರೆಯುತ್ತಾರೆ. ಹಾಗೆಯೇ ಇದು.

ಬೆಳೆಯುವ ಸಾಮರ್ಥ್ಯ ಹೆಚ್ಚಿರುವುದು ಸಾಮಾನ್ಯವಾಗಿ ದೊಡ್ಡ ಘಟಕಗಳ ತಂತುಗಳಿಗೆ. ಒಂದು ತಂತು ಬೆಳೆಯಬೇಕಾದರೆ ಅದು ಕೆಲಸಕ್ಕೆ ಇಳಿಯಬೇಕು, ಎಳೆತವನ್ನು ಅನುಭವಿಸಬೇಕು. ಈ ಎಳೆತವನ್ನು ಗ್ರಹಿಸಿದ ಜೀವಕೋಶ ಆ್ಯಕ್ಟಿನ್, ಮಯೊಸಿನ್ ಮುಂತಾದ ಪ್ರೋಟೀನುಗಳ ತಯಾರಿಕೆಯನ್ನು ಹೆಚ್ಚಿಸುತ್ತದೆ. ತಂತು ದಪ್ಪವಾಗುತ್ತದೆ.

ಈಗ ನಮ್ಮ ಮೂರು ದಿನಗಳಿಗೆ ಮರಳೋಣ. 40 ಕಿ.ಗ್ರಾಂ. ಎತ್ತುವಾಗ ಮೊದಲ ಸಲದಿಂದಲೇ ಬಹುಪಾಲು ಘಟಕಗಳು ಬೇಕಾಗುತ್ತವೆ. 20 ಕಿ.ಗ್ರಾಂ. ಎತ್ತುವಾಗ ಆರಂಭದಲ್ಲಿ ಚಿಕ್ಕ ಘಟಕಗಳೇ ಸಾಕು. ಅವು ದಣಿದಂತೆ ದೊಡ್ಡವು ಸೇರಿಕೊಳ್ಳುತ್ತವೆ. ಇಪ್ಪತ್ತನೆಯ ಸಲದ ಹೊತ್ತಿಗೆ ತೋಳು ನಡುಗುತ್ತಿರುತ್ತದೆ. 5 ಕಿ.ಗ್ರಾಂ. ಎತ್ತುವಾಗಲಾದರೋ ದೊಡ್ಡ ಘಟಕಗಳಿಗೆ ಕರೆಯೇ ಹೋಗುವುದು ಅಪರೂಪ. ಐನೂರು ಬಸ್ಕಿಯ ಗೆಳೆಯನ ಕಥೆಯೂ ಇದೇ. ಅವನಿಗೆ ಮೊದಮೊದಲು ಮೂವತ್ತು ಬಸ್ಕಿಯೇ ಕಷ್ಟವಾಗಿತ್ತು. ಆಗ ತೊಡೆ ಕೊಂಚ ಬೆಳೆದಿತ್ತು. ಅಭ್ಯಾಸವಾದಂತೆ ಬಸ್ಕಿ ಹಗುರವಾಯಿತು. ಆಮೇಲೆ ಹೆಚ್ಚಿದ್ದು ಸ್ನಾಯುವಿನ ತಾಳಿಕೆ, ಗಾತ್ರವಲ್ಲ. ಓಟಕ್ಕೆ ಆ ತಾಳಿಕೆ ಉಪಯುಕ್ತವೇ. ಆದರೆ ಅವನು ಬಯಸಿದ್ದು ಬೇರೆ.

ಡಿಲಾರ್ಮ್ ತಿದ್ದಿಕೊಂಡ ಲೆಕ್ಕ

ಹಾಗಾದರೆ ಭಾರವನ್ನು ಹೆಚ್ಚಿಸಿ, ಸಲಗಳನ್ನೂ ಹೆಚ್ಚಿಸಿದರೆ? ಈ ಪ್ರಶ್ನೆಗೆ ಉತ್ತರ ಎರಡನೆಯ ಮಹಾಯುದ್ಧದ ಕಾಲದ ಆಸ್ಪತ್ರೆಯೊಂದರಲ್ಲಿ ಸಿಕ್ಕಿತು. ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ ಗಾಯಾಳು ಸೈನಿಕರ ಸೊರಗಿದ ತೊಡೆಗಳಿಗೆ ಬಲ ತರಲು ಭಾರ ಎತ್ತಿಸುವ ಚಿಕಿತ್ಸೆ ಆರಂಭಿಸಿದ. ಹಗುರ ಭಾರದ ನೂರಾರು ಆವರ್ತನೆ ತಾಳಿಕೆಯನ್ನು ಕೊಡುತ್ತದೆ, ಬಲ ಬರಬೇಕಾದರೆ ಭಾರ ಹೆಚ್ಚಬೇಕು ಎಂಬುದು ಅವನ ವಾದ. ಸರಿಯಾಗಿ ಹತ್ತು ಸಲ ಮಾತ್ರ ಎತ್ತಬಲ್ಲ ಭಾರವನ್ನು ಆಯ್ದು, ಅಂಥ ಏಳರಿಂದ ಹತ್ತು ಸುತ್ತುಗಳನ್ನು ಅವನು ಮಾಡಿಸುತ್ತಿದ್ದ. ಒಟ್ಟು 70ರಿಂದ 100 ಸಲ. 1945ರಲ್ಲಿ ಪ್ರಕಟವಾದ ಅವನ ವಿಧಾನ ಇದು.

ಮೂರು ವರ್ಷಗಳ ಅನುಭವದ ನಂತರ, 1948ರಲ್ಲಿ, ಆರ್ಥರ್ ವಾಟ್ಕಿನ್ಸ್ ಜೊತೆಗೂಡಿ ಬರೆದ ಲೇಖನದಲ್ಲಿ ಡಿಲಾರ್ಮ್ ತನ್ನ ಅಂಕಿಯನ್ನು ತಾನೇ ತಿದ್ದಿಕೊಂಡ. ಅಷ್ಟು ಸಲ ಅಗತ್ಯವಿಲ್ಲ, ಹೆಚ್ಚಿನವರಿಗೆ 20ರಿಂದ 30 ಸಲ ಮಾಡಿಸುವುದೇ ಉತ್ತಮ ಎಂದ. ಮೊದಲ ಸುತ್ತಿಗೆ ಆ ಭಾರದ ಅರ್ಧ, ಎರಡನೆಯದಕ್ಕೆ ಮುಕ್ಕಾಲು, ಮೂರನೆಯದಕ್ಕೆ ಪೂರ್ಣ. ಪ್ರತಿಯೊಂದರಲ್ಲೂ ಹತ್ತು ಸಲ. ಜಗತ್ತಿನಾದ್ಯಂತ ಇಂದಿಗೂ ಹೇಳಿಕೊಡುವ 'ಹತ್ತರ ಮೂರು ಸುತ್ತು' ಪಾಠದ ಮೂಲ ಇಲ್ಲಿದೆ. ತೀವ್ರತೆ ಏರಿದಾಗ ಪ್ರಮಾಣ ಇಳಿಯಲೇಬೇಕು ಎಂಬುದು ಇದರ ತಿರುಳು.

ಒಬ್ಬನವೇ ಎರಡು ಕಾಲುಗಳು

ಭಾರ ಕಡಿಮೆಯಿದ್ದರೂ ದಣಿವಿನ ಅಂಚಿಗೆ ಹೋದರೆ ಸ್ನಾಯು ಬೆಳೆಯುತ್ತದೆಯೇ? ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಇದಕ್ಕೆ ಸುಂದರವಾದ ಪ್ರಯೋಗವನ್ನು ಪ್ರಕಟಿಸಿದರು. 18 ಯುವಕರ ಎರಡೂ ಕಾಲುಗಳಿಗೆ ಬೇರೆ ಬೇರೆ ವ್ಯಾಯಾಮ ಕ್ರಮಗಳನ್ನು ಚೀಟಿ ಎತ್ತಿದಂತೆ ಹಂಚಲಾಯಿತು. ವ್ಯಕ್ತಿ ಒಬ್ಬನೇ ಆದ್ದರಿಂದ ಆಹಾರ, ನಿದ್ದೆ, ಅನುವಂಶೀಯತೆಗಳ ವ್ಯತ್ಯಾಸ ಬಹುಮಟ್ಟಿಗೆ ತಪ್ಪಿತು. ಪ್ರಯೋಗ ವಿನ್ಯಾಸದ ಪಾಠಕ್ಕೆ ಶಿಕ್ಷಕರು ಇದನ್ನು ಉದಾಹರಣೆಯಾಗಿ ಕೊಡಬಹುದು.

ಹತ್ತು ವಾರಗಳ ಬಳಿಕ ಎಂ.ಆರ್.ಐ. ಮೂಲಕ ತೊಡೆಯ ಸ್ನಾಯುವಿನ ಗಾತ್ರವನ್ನು ಅಳೆದರು. ಗರಿಷ್ಠದ ಶೇ. 80 ಭಾರದಲ್ಲಿ ಮೂರು ಸುತ್ತು ಮಾಡಿದ ಕಾಲುಗಳಲ್ಲಿ ಸರಾಸರಿ ಶೇ. 7.2 ಬೆಳವಣಿಗೆ. ಶೇ. 30 ಭಾರದಲ್ಲಿ ಇನ್ನು ಆಗದು ಎನ್ನುವವರೆಗೆ ಮೂರು ಸುತ್ತು ಮಾಡಿದ ಕಾಲುಗಳಲ್ಲಿ ಶೇ. 6.8. ಶೇ. 80 ಭಾರದಲ್ಲಿ ಒಂದೇ ಸುತ್ತು ಮಾಡಿದ ಕಾಲುಗಳಲ್ಲಿ ಶೇ. 3.2. ಭಾಗವಹಿಸಿದವರು ಕಡಿಮೆಯಾದ್ದರಿಂದ ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಈ ವ್ಯತ್ಯಾಸಗಳು ಖಚಿತವಲ್ಲ. ಆದರೆ ಒಂದು ಅಂಶ ಸ್ಪಷ್ಟವಾಗಿತ್ತು: ಗಾತ್ರ ಸರಿಸಮವಾಗಿ ಬೆಳೆದರೂ ಗರಿಷ್ಠ ಭಾರ ಎತ್ತುವ ಬಲ ಹೆಚ್ಚು ಏರಿದ್ದು ಭಾರವಾದ ವ್ಯಾಯಾಮದಲ್ಲೇ.

ಪ್ರಮಾಣದ ಪಾತ್ರ 2017ರಲ್ಲಿ ಇನ್ನಷ್ಟು ನಿಚ್ಚಳವಾಯಿತು. ಬ್ರಾಡ್ ಶೋನ್‌ಫೆಲ್ಡ್ ಮತ್ತು ಸಂಗಡಿಗರು 15 ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದರು. ಒಂದು ಸ್ನಾಯುವಿಗೆ ವಾರದಲ್ಲಿ ಐದಕ್ಕಿಂತ ಕಡಿಮೆ ಸುತ್ತು ಮಾಡಿದವರಲ್ಲಿ ಸರಾಸರಿ ಶೇ. 5.4, ಐದರಿಂದ ಒಂಬತ್ತು ಸುತ್ತು ಮಾಡಿದವರಲ್ಲಿ ಶೇ. 6.6, ಹತ್ತು ಅಥವಾ ಹೆಚ್ಚು ಮಾಡಿದವರಲ್ಲಿ ಶೇ. 9.8 ಬೆಳವಣಿಗೆ ಕಂಡುಬಂತು. ಗಮನಿಸಿ: ಸುತ್ತು ಇಮ್ಮಡಿಯಾದರೆ ಬೆಳವಣಿಗೆ ಇಮ್ಮಡಿಯಾಗುವುದಿಲ್ಲ. ಹೊಲಕ್ಕೆ ಗೊಬ್ಬರ ಹಾಕಿದಂತೆ, ಒಂದು ಮಿತಿಯ ನಂತರ ಲಾಭ ಕಡಿಮೆಯಾಗುತ್ತ ಹೋಗುತ್ತದೆ.

ಬೆಳೆಯುವುದು ಬಿಡುವಿನಲ್ಲಿ

ವ್ಯಾಯಾಮದ ಹೊತ್ತಿನಲ್ಲಿ ಸ್ನಾಯು ಬೆಳೆಯುವುದಿಲ್ಲ. ಬೆಳೆಯಲು ಸೂಚನೆಯನ್ನಷ್ಟೇ ಪಡೆಯುತ್ತದೆ. ಪ್ರೋಟೀನು ತಯಾರಿಕೆ ಹೆಚ್ಚಿದ ಮಟ್ಟದಲ್ಲಿರುವುದು ನಂತರದ ಒಂದೆರಡು ದಿನಗಳಲ್ಲಿ. ಅಲೆಗ್ಸಾಂಡರ್ ಮಾರೊ 1961ರಲ್ಲಿ ಗುರುತಿಸಿದ ಉಪಗ್ರಹ ಕೋಶಗಳು ತಂತುಗಳ ದುರಸ್ತಿಗೆ ನೆರವಾಗುವುದೂ ಆಗಲೇ. ಆದ್ದರಿಂದ ಒಂದೇ ಸ್ನಾಯುವಿಗೆ ಕಠಿಣ ವ್ಯಾಯಾಮ ಕೊಟ್ಟ ಮೇಲೆ ಸುಮಾರು 48 ಗಂಟೆ ಬಿಡುವು ಬೇಕು.

ಇಲ್ಲಿ ಎಚ್ಚರಿಕೆಯ ಮಾತೊಂದಿದೆ. ಅಭ್ಯಾಸವಿಲ್ಲದವರು ಹುರುಪಿನಿಂದಲೋ ಪಂಥಕ್ಕೆ ಬಿದ್ದೋ, ಅಥವಾ ಶಿಕ್ಷೆಯಾಗಿಯೋ ಒಮ್ಮೆಗೇ ನೂರಾರು ಬಸ್ಕಿ ಹೊಡೆದರೆ ಸ್ನಾಯುತಂತುಗಳು ಒಡೆದು ಮಯೊಗ್ಲೋಬಿನ್ ರಕ್ತಕ್ಕೆ ಸೇರಬಹುದು. ಅದು ಮೂತ್ರಪಿಂಡಗಳಿಗೆ ಹಾನಿಕರ. ತೀವ್ರ ಸ್ನಾಯು ನೋವು, ಬಾವು, ಕಪ್ಪು ಚಹಾದ ಬಣ್ಣದ ಮೂತ್ರ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ವಿದ್ಯಾರ್ಥಿಗಳಿಗೆ ಬಸ್ಕಿಯ ಶಿಕ್ಷೆ ಸಲ್ಲದು ಎನ್ನಲು ಈ ಒಂದು ಕಾರಣವೇ ಸಾಕು.

ಕಟ್ಟಡಕ್ಕೆ ಇಟ್ಟಿಗೆಯಂತೆ ಬೆಳವಣಿಗೆಗೆ ಪ್ರೋಟೀನು ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೊಗ್ರಾಮಿಗೆ 0.83 ಗ್ರಾಂ, ಅಂದರೆ 60 ಕಿ.ಗ್ರಾಂ. ತೂಕದವರಿಗೆ 50 ಗ್ರಾಂ ಪ್ರೋಟೀನು ಸಾಕು. ಭಾರ ಎತ್ತುವವರಿಗೆ ಹೆಚ್ಚು ಬೇಕಾಗುತ್ತದೆ. ಆದರೆ ಪ್ರತಿ ಕಿಲೊಗ್ರಾಮಿಗೆ 1.6 ಗ್ರಾಮಿಗಿಂತ ಹೆಚ್ಚಿಗೆ ತಿಂದುದರಿಂದ ಸರಾಸರಿ ಲಾಭ ಕಾಣಲಿಲ್ಲವೆಂದು 2018ರ ವಿಶ್ಲೇಷಣೆಯೊಂದು ತೋರಿಸಿದೆ. 100 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಇದೆ. ಬೀದರ್ ಜಿಲ್ಲೆಯ ಹೊಲಗಳಲ್ಲೇ ಬೆಳೆಯುವ ತೊಗರಿ, ಹೆಸರು, ಕಡಲೆ, ಸೋಯಾ, ಜೊತೆಗೆ ಜೋಳದ ರೊಟ್ಟಿ, ಹಾಲು, ಮೊಟ್ಟೆ ಇದ್ದರೆ ದುಬಾರಿ ಪುಡಿ ಡಬ್ಬಿಗಳ ಅನಿವಾರ್ಯತೆ ಇಲ್ಲ.

ಹೊಂದಿಸುವುದು ಹೇಗೆ?

ಹೊಸಬರಿಗೆ ಈ ಕ್ರಮ ಸೂಕ್ತ. ಗರಿಷ್ಠದ ಶೇ. 60ರಿಂದ 80ರ ನಡುವಿನ ಭಾರ. ಒಂದು ಸುತ್ತಿಗೆ 8ರಿಂದ 12 ಸಲ. ಸುತ್ತುಗಳ ನಡುವೆ ಎರಡು ಮೂರು ನಿಮಿಷ ವಿರಾಮ. ಆರಂಭದಲ್ಲಿ ಒಂದು ಸ್ನಾಯುವಿಗೆ ವಾರಕ್ಕೆ ನಾಲ್ಕರಿಂದ ಆರು ಸುತ್ತು ಸಾಕು. ಕೆಲವು ತಿಂಗಳಲ್ಲಿ ಹತ್ತರ ಹತ್ತಿರಕ್ಕೆ ಏರಿಸಿ, ಎರಡು ದಿನಗಳಿಗೆ ಹಂಚಬಹುದು. ಇನ್ನೊಂದೆರಡು ಸಲ ಎತ್ತಬಹುದು ಎನ್ನುವಾಗಲೇ ಸುತ್ತು ನಿಲ್ಲಿಸಬಹುದು. ಪ್ರತಿ ಬಾರಿಯೂ ಕುಸಿಯುವವರೆಗೆ ಎತ್ತಬೇಕಿಲ್ಲ. ಅರ್ಧಶಕ್ತಿಯಷ್ಟೇ ವ್ಯಾಯಾಮ ಮಾಡಬೇಕೆಂದು ಆಯುರ್ವೇದ ಗ್ರಂಥಗಳು ಹೇಳುತ್ತವೆ. ಅದರ ಅಳತೆ ಬೇರೆಯಾದರೂ ದೇಹದಲ್ಲಿ ಏನನ್ನಾದರೂ ಉಳಿಸಿಕೊಳ್ಳಬೇಕೆಂಬ ವಿವೇಕ ಒಂದೇ. ಮುಖ್ಯವಾಗಿ, ಭಾರ ಮತ್ತು ಸುತ್ತು ಎರಡನ್ನೂ ಒಂದೇ ವಾರದಲ್ಲಿ ಏರಿಸಬಾರದು. ಈ ನಿಯಮ ಹೆಣ್ಣುಮಕ್ಕಳಿಗೂ ಅನ್ವಯಿಸುತ್ತದೆ. ಶಾಲಾ ಮಕ್ಕಳಿಗೆ ಗರಿಷ್ಠ ಭಾರದ ಪರೀಕ್ಷೆ ಬೇಡ.

ನಮ್ಮ ಮೊದಲ ಗೆಳೆಯ ಐನೂರು ಬಸ್ಕಿಯ ಬದಲು ಹೆಗಲ ಮೇಲೆ ಮರಳಿನ ಚೀಲ ಹೊತ್ತು ಹತ್ತು ಹತ್ತು ಬಸ್ಕಿಯ ಮೂರು ಸುತ್ತು, ವಾರಕ್ಕೆ ಎರಡು ದಿನ ಮಾಡಲಿ. ಎರಡನೆಯವನು ಭಾರವನ್ನು ಇಳಿಸಿ ಸಲಗಳನ್ನು ಏರಿಸಲಿ. ಇಬ್ಬರೂ ನಡುದಾರಿಯಲ್ಲಿ ಭೇಟಿಯಾಗುತ್ತಾರೆ.

ಮಾಡಿ ನೋಡಿ: ಆರೋಗ್ಯವಂತ ವಿದ್ಯಾರ್ಥಿಯೊಬ್ಬ ಸರಿಯಾದ ಭಂಗಿಯಲ್ಲಿ, ಭಂಗಿ ಕೆಡುವವರೆಗೆ ಮಾತ್ರ ದಂಡೆ ಹೊಡೆಯಲಿ. ಒಂದು ನಿಮಿಷ ವಿರಾಮ ಕೊಟ್ಟು ಇನ್ನೆರಡು ಸುತ್ತು ಮಾಡಿಸಿ, ಸಂಖ್ಯೆ ಬರೆದುಕೊಳ್ಳಿ. ಮೂರು ದಿನ ಬಿಟ್ಟು, ಮೂರು ನಿಮಿಷದ ವಿರಾಮದೊಂದಿಗೆ ಇದನ್ನೇ ಮಾಡಿಸಿ. ಎರಡು ದಿನಗಳ ಸಂಖ್ಯೆಗಳನ್ನು ನಕ್ಷೆಯಲ್ಲಿ ಗುರುತಿಸಿ. ವಿರಾಮವೂ ವ್ಯಾಯಾಮದ ಒಂದು ಭಾಗ ಎಂಬುದನ್ನು ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳುತ್ತಾರೆ.